ಕಾಲೇಜಿನ ಪಂಚಾಂಗ, ಊರಿನ ಪಂಚಾಂಗ

ಇಂಜಿನಿಯರಿಂಗ್ ಕಾಲೇಜುಗಳು ಕೈಗಾರಿಕೆಗಳೊಂದಿಗೂ ಜನಸಮುದಾಯದೊಂದಿಗೂ ಕೈಜೋಡಿಸಬೇಕು ಎಂಬ ಮಾತು ಶಿಕ್ಷಣ ಕುರಿತ ನಮ್ಮ ಸ್ಟುಡಿಯೋ ಚರ್ಚೆಗಳಲ್ಲಿ ಬಾರದೇ ಇರುವುದಿಲ್ಲ. ಪ್ರಾಧ್ಯಾಪಕರು ಅದನ್ನು ಒಪ್ಪುತ್ತಾರೆ, ಉದ್ಯಮಿಗಳು ಒಪ್ಪುತ್ತಾರೆ, ರೈತ ಪ್ರತಿನಿಧಿ ಇದ್ದರೆ ಅವರೂ ತಲೆದೂಗುತ್ತಾರೆ. ಎಲ್ಲರೂ ಒಪ್ಪಿದ ಮೇಲೂ ಕೆಲಸ ಏಕೆ ಅರ್ಧಕ್ಕೇ ನಿಲ್ಲುತ್ತದೆ ಎಂದು ಕೇಳುವಷ್ಟರಲ್ಲಿ ಕಾರ್ಯಕ್ರಮದ ಅವಧಿ ಮುಗಿದಿರುತ್ತದೆ. ಹಾಗೆ ಉಳಿದುಹೋದ ಪ್ರಶ್ನೆಯನ್ನು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಇಲ್ಲಿ ಸ್ವಲ್ಪ ವಿರಾಮವಾಗಿ ನೋಡಬಹುದು.

1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಳ್ಳುವ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರ ಈಚೆಗೆ. ನೀರು, ಬೆಳೆ, ಮಣ್ಣು ಯಾವುದರಲ್ಲೂ ಈ ನಾಲ್ಕಕ್ಕೆ ಹೋಲಿಕೆಯಿಲ್ಲ. ಚನ್ನಗಿರಿ ಅಡಿಕೆಯ ಸೀಮೆ, ಹೊನ್ನಾಳಿ ತುಂಗಭದ್ರೆಯ ದಡ, ನ್ಯಾಮತಿ ಮಲೆನಾಡು ಇಳಿದು ಬಯಲಾಗುವ ಜಾಗ, ಜಗಳೂರು ಮಳೆ ಮರೆತ ನೆಲ. ಒಬ್ಬ ಇಂಜಿನಿಯರಿಗೆ ಇಷ್ಟು ಬಗೆಯ ಸಮಸ್ಯೆಗಳು ಒಂದೇ ಜಿಲ್ಲೆಯಲ್ಲಿ ಸಿಗುವುದು ಅಪರೂಪವೇ ಸರಿ.

ಕಾಲೇಜುಗಳು ಹುಟ್ಟುವ ಎಷ್ಟೋ ಮೊದಲು ಈ ಸೀಮೆಯಲ್ಲಿ ಇಂಜಿನಿಯರಿಂಗ್ ಇತ್ತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಅದಕ್ಕೆ ಸಾಕ್ಷಿ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹೊರಬೀಳುವ ಸ್ಥಳವನ್ನೇ ಆರಿಸಿ, ಉದ್ದದಲ್ಲಿ ಗಿಡ್ಡವಾದ ಆದರೆ ದಪ್ಪದಲ್ಲಿ ಭಾರಿಯಾದ ಏರಿಯನ್ನು ಕಟ್ಟಿದ್ದಾರೆ. ಕಡಿಮೆ ಕಟ್ಟಡಕ್ಕೆ ಹೆಚ್ಚು ನೀರು ಎಂಬ ಲೆಕ್ಕವನ್ನು ಅಂದಿನವರು ಯಾವ ಕಾಗದದ ಮೇಲೆ ಮಾಡಿದರೋ ತಿಳಿಯದು. ಶಾಂತವ್ವನ ಐತಿಹ್ಯವನ್ನು ಬಲ್ಲ ವೀಕ್ಷಕರು ಬಹಳ ಮಂದಿ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಕೆರೆಯ ಜೊತೆಗೇ ಬೆಳೆದ ಇನ್ನೊಂದು ವ್ಯವಸ್ಥೆ. ನಮ್ಮ ಕೆರೆಗಳಿಗೆ ನೀರುಗಂಟಿ ಎಂಬುವನಿದ್ದ. ತೂಬು ಎಂದು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ಅವನ ಕೆಲಸ. ಕಟ್ಟಿದವನು ಹೋದ ಮೇಲೂ ನಡೆಸುವವನು ವರ್ಷವಿಡೀ ಊರಿನಲ್ಲೇ ಇದ್ದ ಎಂಬ ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಆಧುನಿಕ ತಾಂತ್ರಿಕ ಶಿಕ್ಷಣ ಮೈಸೂರು ಸಂಸ್ಥಾನಕ್ಕೆ ಬಂದದ್ದು ಕೈಗಾರಿಕೆಯ ಕೈಹಿಡಿದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಚನ್ನಗಿರಿಗೆ ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ, ಓದಿದವರಿಗೆ ಕುಲುಮೆಯೂ ಕುಲುಮೆಗೆ ಓದಿದವರೂ ಸಿಕ್ಕರು.

ದಾವಣಗೆರೆಗೆ ಇಂಜಿನಿಯರಿಂಗ್ ಕಾಲೇಜು ಬಂದದ್ದು 1951ರಲ್ಲಿ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರು ಹೊತ್ತ ಬಿ.ಡಿ.ಟಿ. ಕಾಲೇಜು ಅದು. ಮೈಸೂರು, ಕುವೆಂಪು, ದಾವಣಗೆರೆ ವಿಶ್ವವಿದ್ಯಾನಿಲಯಗಳನ್ನು ದಾಟಿ ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಗಿದೆ. ಆಗ ದಾವಣಗೆರೆ ಹತ್ತಿ ಗಿರಣಿಗಳ ಊರು. ಪಕ್ಕದ ಹರಿಹರದಲ್ಲಿ 1941ರಿಂದಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ತಯಾರಿಸುತ್ತಿತ್ತು. ಅದರ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು. ಮೆಕ್ಯಾನಿಕಲ್ ವಿಭಾಗದ ಹುಡುಗನಿಗೆ ಲೇತ್ ಎಂಬುದು ಪುಸ್ತಕದ ಚಿತ್ರವಾಗಿ ಉಳಿಯಬೇಕಾಗಿರಲಿಲ್ಲ. ಬಸ್ಸು ಹತ್ತಿದರೆ ಅದನ್ನು ಎರಕ ಹೊಯ್ಯುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ನೋಡುವಷ್ಟು ಹತ್ತಿರದಲ್ಲಿತ್ತು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಗಿರಣಿಗಳೂ ಒಂದೊಂದಾಗಿ ನಿಂತವು.

ಕಾರ್ಖಾನೆಗೂ ಕಾಲೇಜಿಗೂ ಹೊಂದಿಕೆ ಸುಲಭ ಎಂಬುದಕ್ಕೆ ಒಂದು ಸರಳ ಕಾರಣವಿದೆ. ಕಾರ್ಖಾನೆ ಹನ್ನೆರಡು ತಿಂಗಳೂ ನಡೆಯುತ್ತದೆ. ವಿದ್ಯಾರ್ಥಿ ಜನವರಿಯಲ್ಲಿ ಹೋದರೂ ಮೇ ತಿಂಗಳಲ್ಲಿ ಹೋದರೂ ಯಂತ್ರ ತಿರುಗುತ್ತಲೇ ಇರುತ್ತದೆ. ಹಳ್ಳಿಯ ಕೆಲಸ ಹಾಗಲ್ಲ. ಅದಕ್ಕೆ ಮಳೆಯ ಪಂಚಾಂಗ, ಬೆಳೆಯ ಪಂಚಾಂಗ. ಕಾಲೇಜಿನ ಪಂಚಾಂಗವೋ ಪರೀಕ್ಷೆಯದು. ನಾಲ್ಕು ತಾಲ್ಲೂಕುಗಳ ಕಥೆಯ ಗಂಟು ಇಲ್ಲಿದೆ ಎಂದು ನನ್ನ ಭಾವನೆ.

ಆದರೆ ಈ ಗಂಟನ್ನು ಬಿಚ್ಚಿದ ಪ್ರಯತ್ನವೊಂದು ನಮ್ಮ ರಾಜ್ಯದಲ್ಲೇ ನಡೆದಿದೆ. ಅದಕ್ಕಾಗಿ ದಾವಣಗೆರೆಯಿಂದ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಹೋಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, 1974ರಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಉದ್ದೇಶ. ಅದರ ಹಿಂದಿದ್ದವರು ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ. ಇವರು ವಿದ್ಯುದ್ರಸಾಯನಶಾಸ್ತ್ರದಲ್ಲಿ ಜಗತ್ತಿನ ಕಾಲೇಜುಗಳಲ್ಲೆಲ್ಲ ಓದುವ ಪಠ್ಯಗ್ರಂಥದ ಸಹಲೇಖಕರು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನನ್ನಂಥವನಿಗೆ, ಆ ಎತ್ತರದಲ್ಲಿದ್ದವರು ಸೌದೆ ಒಲೆಯ ಮುಂದೆ ಬಂದು ಕುಳಿತದ್ದು ಇಂದಿಗೂ ಬೆರಗಿನ ವಿಷಯ.

ಅಸ್ತ್ರ ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತನ್ನದೇ ವಿಸ್ತರಣಾ ಕೇಂದ್ರವನ್ನು ತೆರೆದದ್ದು. ಭಾನುವಾರ ಬಂದು ಹೋಗುವ ಶಿಬಿರವಲ್ಲ ಅದು, ವರ್ಷವಿಡೀ ಇರುವ ನೆಲೆ. ಸುತ್ತಲಿನ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಎಷ್ಟು ದೂರ ನಡೆಯುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ಅಳೆದರು. ಊರು ಬಳಸುವ ಶಕ್ತಿಯ ಬಹುಪಾಲು ಸೌದೆಯೇ, ಆ ಸೌದೆಯ ಬಹುಪಾಲು ಕೊಂಡದ್ದಲ್ಲ, ಆರಿಸಿ ತಂದದ್ದು ಎಂಬುದು ತಿಳಿಯಿತು. ಅಂಗಡಿಯ ಲೆಕ್ಕದಲ್ಲೂ ಸರ್ಕಾರದ ಲೆಕ್ಕದಲ್ಲೂ ಬಾರದ ಹೆಂಗಸರ ನಡಿಗೆ ಹೀಗೆ ಅಂಕಿಯಾಗಿ ಬರೆಯಲ್ಪಟ್ಟಿತು. ಅದರಿಂದ ಅಸ್ತ್ರ ಒಲೆ ಬಂತು. ಮೂರು ಪಾತ್ರೆಗಳಿಗೆ ಜಾಗ, ಹೊಗೆಗೆ ಕೊಳವೆ. ಒಲೆಯ ಒಳಗಿನ ಅಳತೆ ಒಂದಿಷ್ಟು ತಪ್ಪಿದರೂ ಸೌದೆ ಉಳಿಯುವುದಿಲ್ಲ. ಆದ್ದರಿಂದ ಒಲೆಗಿಂತ ಹೆಚ್ಚಾಗಿ ಒಲೆ ಕಟ್ಟುವವರನ್ನು ತಯಾರು ಮಾಡಬೇಕಾಯಿತು.

ಪುರ ಎಂಬ ಪುಟ್ಟ ಹಳ್ಳಿಯ ಕಥೆ ಇನ್ನೂ ಪಾಠದ್ದು. ಊರಿಗೆಲ್ಲ ಸೇರಿ ಒಂದು ಗೋಬರ್ ಅನಿಲ ಸ್ಥಾವರ ಕಟ್ಟಿ ಎಲ್ಲ ಮನೆಗಳ ಅಡುಗೆಗೆ ಅನಿಲ ಕೊಡಬೇಕೆಂದು ಮೊದಲು ಯೋಚಿಸಿದರು. ಲೆಕ್ಕ ಕೂಡಲಿಲ್ಲ. ಸಿಗುವ ಸಗಣಿಯಿಂದ ಎಲ್ಲರ ಅಡುಗೆಯೂ ಆಗುವಷ್ಟು ಅನಿಲ ಬರಲಿಲ್ಲ, ಯೋಜನೆ ನಿಂತಿತು. ಬೇರೆ ಕಡೆಯಾಗಿದ್ದರೆ ಒಂದು ವರದಿ ಬರೆದು ಮುಗಿಸುತ್ತಿದ್ದರು. ಇಲ್ಲಿ ಊರಿನವರೊಂದಿಗೆ ಕುಳಿತು ಮಾತನಾಡಿದಾಗ ಅವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂದು ಗೊತ್ತಾಯಿತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ಕೊಳವೆ ಬಾವಿಯ ನೀರನ್ನು ಮೇಲೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಮನೆಯವರು ಸಗಣಿ ತಂದರೆ ತೂಕ ಮಾಡಿ ಪಾಸ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅನಿಲ ತೆಗೆದ ಮೇಲಿನ ಗೊಬ್ಬರ ಅವರವರ ಪಾಲಿಗೆ ಹಿಂದಿರುಗುತ್ತಿತ್ತು. ಹೊತ್ತು ತಂದವರಿಗೆ ಚಿಲ್ಲರೆ ಕಾಸೂ ಉಂಟು. ಸ್ಥಾವರವನ್ನು ನಡೆಸಿದವರು ಊರಿನ ಯುವಕರೇ, ಅಂದರೆ ಹೊಸ ಕಾಲದ ನೀರುಗಂಟಿಗಳು. ಸುಮಾರು ಹತ್ತು ವರ್ಷ ನಡೆದು, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅದು ನಿಂತಿತು. ನಿಂತಿತು ಎಂಬ ಮಾತ್ರಕ್ಕೆ ಸೋತಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷ ನಲ್ಲಿಯಲ್ಲಿ ನೀರು ಬಂದದ್ದು ಆ ಊರಿನ ಹೆಂಗಸರಿಗೆ ಪ್ರಯೋಗವಾಗಿರಲಿಲ್ಲ, ದಿನದ ಬದುಕಾಗಿತ್ತು.

ಅಸ್ತ್ರದ ಮರುವರ್ಷ, 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದೇ ಸಂಸ್ಥೆಯ ಆವರಣದಲ್ಲಿ ಸ್ಥಾಪಿತವಾಯಿತು. 1977–78ರಿಂದ ಮಂಡಳಿಯು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ನೆರವು ನೀಡುತ್ತ ಬಂದಿದೆ. ವಿದ್ಯಾರ್ಥಿಗಳು ಮಾರ್ಗದರ್ಶಕರೊಂದಿಗೆ ಪ್ರಸ್ತಾವ ಕಳಿಸುತ್ತಾರೆ, ಆಯ್ಕೆಯಾದರೆ ಸಣ್ಣ ಮೊತ್ತ ದೊರೆಯುತ್ತದೆ, ಕೊನೆಗೆ ರಾಜ್ಯಮಟ್ಟದ ಪ್ರದರ್ಶನ. ಒಂದು ಪರೀಕ್ಷೆಯ ಅಂಕಕ್ಕಾಗಿ ಕಪಾಟಿನಲ್ಲಿ ಕೂರುತ್ತಿದ್ದ ಪ್ರಾಜೆಕ್ಟ್ ವರದಿಗೆ ರೈತನ ಸಮಸ್ಯೆಯೊಂದನ್ನು ಅಂಟಿಸಿದ ಈ ಯೋಜನೆ ನಮ್ಮ ರಾಜ್ಯದ ಹೆಮ್ಮೆಗಳಲ್ಲಿ ಒಂದು. 1979ರಲ್ಲಿ ದಾವಣಗೆರೆಯ ಬಾಪೂಜಿ ಕಾಲೇಜು, 1980ರಲ್ಲಿ ಶಿವಮೊಗ್ಗದ ಜವಾಹರಲಾಲ್ ನೆಹರೂ ಕಾಲೇಜು, ಹೀಗೆ ಖಾಸಗಿ ಕಾಲೇಜುಗಳು ತೆರೆದುಕೊಂಡ ಕಾಲಕ್ಕೆ ಸರಿಯಾಗಿ ಅದು ಬಂತು.

ಈಗ ಚನ್ನಗಿರಿಗೆ ಹಿಂದಿರುಗೋಣ. ಇಂಥ ಪ್ರಾಜೆಕ್ಟ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಅಡಿಕೆ ಸುಲಿಯುವ ಯಂತ್ರ. ಅಡಿಕೆ ಬೆಳೆಯದವರಿಗೆ ಇದು ಸಣ್ಣ ವಿಷಯವೆನಿಸಬಹುದು. ಈ ಸೀಮೆಯ ಕೆಂಪಡಿಕೆಗೆ ಕಾಯಿ ಹಸಿರಾಗಿರುವಾಗಲೇ ಗೊನೆ ಇಳಿಸಬೇಕು, ಕೂಡಲೇ ಸುಲಿಯಬೇಕು, ಹಂಡೆಯಲ್ಲಿ ಬೇಯಿಸಿ ಒಣಗಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ, ಧಾರಣೆ ಬೀಳುತ್ತದೆ. ಕತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಸುಲಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಯಂತ್ರಕ್ಕೆ ಕಷ್ಟವೇನೆಂದರೆ ಒಂದೇ ಗೊನೆಯ ಕಾಯಿಗಳು ಒಂದೇ ಗಾತ್ರದವಲ್ಲ. ಅಲಗು ಸ್ವಲ್ಪ ಒಳಹೋದರೆ ಅಡಿಕೆಗೆ ಗಾಯ, ಹೊರಗುಳಿದರೆ ಸಿಪ್ಪೆ ಬಿಡದು. ಹಸಿ ಸಿಪ್ಪೆಯ ನಾರು ಒಂದು ಬಗೆ, ಒಣಗಿದ ಗೋಟಿನದು ಇನ್ನೊಂದು ಬಗೆ.

ಇನ್ನು ಪಂಚಾಂಗ ನೋಡಿ. ಕೊಯ್ಲು ಮುಂಗಾರು ಇಳಿಯುವ ಹೊತ್ತಿಗೆ ಆರಂಭವಾಗಿ ವರ್ಷದ ಕೊನೆಯವರೆಗೆ ನಡೆಯುತ್ತದೆ. ವಿದ್ಯಾರ್ಥಿ ಯಂತ್ರವನ್ನು ನಿಜವಾಗಿ ಕಟ್ಟುವುದು ಕೊನೆಯ ಸೆಮಿಸ್ಟರಿನಲ್ಲಿ, ಸಂಕ್ರಾಂತಿ ಕಳೆದು ಬೇಸಿಗೆ ಏರುವಾಗ. ಆಗ ತೋಟದಲ್ಲಿ ಹಸಿ ಕಾಯಿ ಸಿಗುವುದು ದುರ್ಲಭ. ಸಿಕ್ಕಿದ್ದರಲ್ಲಿ ಪರೀಕ್ಷಿಸಿ, ವರದಿ ಬರೆದು, ಅಂಕ ಪಡೆದು ಹುಡುಗ ಬೆಂಗಳೂರಿಗೆ ಹೊರಟುಹೋಗುತ್ತಾನೆ. ಮತ್ತೆ ಗೊನೆ ಇಳಿಯುವ ಹೊತ್ತಿಗೆ ಯಂತ್ರವಿದೆ, ಅದನ್ನು ಸರಿಪಡಿಸುವವನಿಲ್ಲ. ಮುಂದಿನ ವರ್ಷ ಇನ್ನೊಂದು ತಂಡ, ಅದೇ ಶೀರ್ಷಿಕೆ, ಮೊದಲಿನಿಂದ ಆರಂಭ. ಹಾಗಾಗಿ ಯಂತ್ರ ಹದಕ್ಕೆ ಬಂದದ್ದು ಹೆಚ್ಚಾಗಿ ಶಿವಮೊಗ್ಗದಂಥ ಊರುಗಳ ಸಣ್ಣ ವರ್ಕ್‌ಷಾಪುಗಳಲ್ಲಿ. ಅಲ್ಲಿನ ಮೇಸ್ತ್ರಿ ಸುಗ್ಗಿಯಲ್ಲಿ ಬೈಸಿಕೊಂಡು ಸುಗ್ಗಿ ಮುಗಿದ ಮೇಲೆ ತಿದ್ದುತ್ತಾನೆ. ಅವನಿಗೆ ಸೆಮಿಸ್ಟರ್ ಇಲ್ಲ.

ಯಂತ್ರ ಬಂದಾಗ ಇನ್ನೊಂದು ಪ್ರಶ್ನೆಯೂ ಬಂತು. ಸುಲಿಯುವ ಕೂಲಿಯನ್ನೇ ನಂಬಿದ್ದ ಹೆಂಗಸರು ಏನು ಮಾಡಬೇಕು? ಆಳು ಸಿಗುವುದಿಲ್ಲವೆಂಬ ಬೆಳೆಗಾರರ ಅಳಲೂ ಸುಳ್ಳಲ್ಲ. ಸಮುದಾಯ ಎಂಬ ಒಂದೇ ಪದದೊಳಗೆ ತೋಟದ ಯಜಮಾನ, ಚೇಣಿದಾರ, ಸುಲಿಯುವ ಹೆಂಗಸು ಮೂವರೂ ಇದ್ದಾರೆ, ಮೂವರ ಬೇಡಿಕೆಯೂ ಒಂದೇ ಅಲ್ಲ. ಉಂಗ್ರದಲ್ಲಿ ಮನೆಮನೆಗೆ ಹೋಗಿ ಅಳೆದ ಬಗೆಯ ಲೆಕ್ಕ ಅಡಿಕೆ ಮನೆಗಳಲ್ಲೂ ಬೇಕು. ಸುಲಿಯುವವರ ದಿನಗೂಲಿ ಎಷ್ಟು, ಕೂರುವ ಭಂಗಿ ಹೇಗೆ, ಕೈಗೆ ಆಗುವ ಗಾಯವೇನು ಎಂಬುದು ಯಂತ್ರದ ನಕ್ಷೆಗಿಂತ ಮೊದಲ ಪುಟದಲ್ಲಿರಬೇಕಾದ ಸಂಗತಿ.

ಹೊನ್ನಾಳಿ, ನ್ಯಾಮತಿಗಳ ಮೆಕ್ಕೆಜೋಳದ್ದೂ ಇದೇ ಹಾಡು. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಾಳು ಒಣಗಿಸಲು ಡಾಂಬರು ರಸ್ತೆಯೇ ಕಣ. ಆ ದಿನಗಳಲ್ಲಿ ಕಾಲೇಜಿನಲ್ಲಿ ತರಗತಿ, ಪರೀಕ್ಷೆಗಳ ಗಡಿಬಿಡಿ.

ಜಗಳೂರಿನಲ್ಲಿ ಬೆಳೆಗಿಂತ ಮೊದಲು ನೀರಿನ ಮಾತು. ಅಂತರ್ಜಲ ಆಳಕ್ಕಿಳಿದಿದೆ, ಫ್ಲೋರೈಡ್ ಸಮಸ್ಯೆಯೂ ಇದೆ. ತುಂಗಭದ್ರೆಯಿಂದ ನೀರೆತ್ತಿ ಇಲ್ಲಿನ ಕೆರೆಗಳನ್ನು ತುಂಬಿಸುವ ಯೋಜನೆ ಈಚಿನ ದೊಡ್ಡ ಸಾಹಸ. ನದಿಯ ನೀರು ಕೊಳವೆಯಲ್ಲಿ ಬಂದು ಕೆರೆಗೆ ಬೀಳುವುದು ಒಂದು ಇಂಜಿನಿಯರಿಂಗ್. ಬಿದ್ದ ನೀರು ಎಷ್ಟು ಇಂಗಿತು, ಯಾವ ಕೊಳವೆ ಬಾವಿಯ ಮಟ್ಟ ಎಷ್ಟು ಏರಿತು, ಫ್ಲೋರೈಡ್ ಅಂಶ ಇಳಿಯಿತೋ ಇಲ್ಲವೋ ಎಂದು ತಿಂಗಳು ತಿಂಗಳೂ ಅಳೆದು ಬರೆದಿಡುವುದು ಇನ್ನೊಂದು. ಎರಡನೆಯದಕ್ಕೆ ಕೋಟಿಗಟ್ಟಲೆ ಹಣ ಬೇಡ. ಅಳತೆಯ ಟೇಪು, ಪ್ರಯೋಗಾಲಯ ಮತ್ತು ಎಂದೂ ಖಾಲಿಯಾಗದ ವಿದ್ಯಾರ್ಥಿಗಳ ಸರದಿ ಇವಿಷ್ಟೇ ಸಾಕು. ಈ ಮೂರೂ ಇರುವ ಜಾಗ ಕಾಲೇಜು.

ಅವಕಾಶಗಳಿಗೆ ಇಂದು ಕೊರತೆಯಿಲ್ಲ. ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನ 2014ರಲ್ಲಿ ಆರಂಭವಾಗಿ, ಉನ್ನತ ಶಿಕ್ಷಣ ಸಂಸ್ಥೆಗಳು ಹಳ್ಳಿಗಳನ್ನು ದತ್ತು ಪಡೆಯುವ ದಾರಿ ತೆರೆದಿದೆ. ದತ್ತು ಎಂಬ ಪದ ನನಗೆ ಅಷ್ಟಾಗಿ ಹಿಡಿಸದು. ಸೂಳೆಕೆರೆಯ ಸೀಮೆಯವರನ್ನು ಯಾರು ಯಾರಿಗೆ ದತ್ತು ಕೊಡುವುದು? ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಇಂಜಿನಿಯರಿಂಗ್ ವಿದ್ಯಾರ್ಥಿ ತನ್ನ ಓದಿನ ಅವಧಿಯಲ್ಲಿ ಸಮುದಾಯದ ಕೆಲಸಗಳಿಂದ 100 ಅಂಕಗಳನ್ನು ಗಳಿಸಬೇಕು ಎಂಬುದೂ ಬಂದಿದೆ. ಈ ಅಂಕಗಳಲ್ಲಿ ನನಗೊಂದು ಅನುಕೂಲ ಕಾಣುತ್ತದೆ. ಇವು ಕೊನೆಯ ಸೆಮಿಸ್ಟರಿಗೆ ಕಟ್ಟುಬಿದ್ದಿಲ್ಲ. ಎರಡನೆಯ ವರ್ಷದ ವಿದ್ಯಾರ್ಥಿ ಅಡಿಕೆ ಬೇಯುವ ತಿಂಗಳಲ್ಲೇ ಚನ್ನಗಿರಿಯ ಬಸ್ಸು ಹತ್ತಬಹುದು. ತಾನು ಅಳೆದದ್ದನ್ನು ಮೂರನೆಯ ವರ್ಷಕ್ಕೆ ಬಂದಾಗ ಮತ್ತೊಮ್ಮೆ ಅಳೆಯಬಹುದು, ಕೊನೆಯ ವರ್ಷದಲ್ಲಿ ಯಂತ್ರ ಕಟ್ಟುವಾಗ ಎರಡು ಸುಗ್ಗಿಗಳ ಲೆಕ್ಕ ಅವನ ಕೈಯಲ್ಲಿರುತ್ತದೆ. ಹೋಗುವಾಗ ಆ ಪುಸ್ತಕವನ್ನು ಕಿರಿಯರ ಕೈಗೆ ಕೊಟ್ಟು ಹೋಗಬೇಕು. ಕಾಲೇಜಿನಲ್ಲಿ ಅದನ್ನು ಕಾಯ್ದಿಡಲು ವರ್ಗವಾಗಿ ಹೋಗದ ಒಬ್ಬರು ಅಧ್ಯಾಪಕರು ಬೇಕು, ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಬೀಗದ ಕೈ ಇರುವ ಒಂದು ಕೋಣೆ ಬೇಕು.