ಪದಕದ ಪಟ್ಟಿ, ಹೆಜ್ಜೆಯ ನಕ್ಷೆ: ಆಂಗೆಲಿಕಾ ಬುಕ್ ಅವರ ಸ್ಪರ್ಧಾಜೀವನ ಕುರಿತ ಒಂದು ವಿವೇಚನೆ

ಪಶ್ಚಿಮ ಜರ್ಮನಿಯ ಆಂಗೆಲಿಕಾ ಬುಕ್ ತಮ್ಮ ಅಣ್ಣ ಎರಿಖ್ ಬುಕ್ ಅವರ ಜೊತೆಗೂಡಿ 1970ರಿಂದ 1973ರವರೆಗಿನ ನಾಲ್ಕೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಐಸ್ ಡಾನ್ಸ್ ಪದಕ ಪಡೆದರು. ಲುಬ್ಲಿಯಾನಾದಲ್ಲಿ ಕಂಚು, ಆಮೇಲೆ ಲಿಯೋನ್, ಕ್ಯಾಲ್ಗರಿ, ಬ್ರಾಟಿಸ್ಲಾವಾಗಳಲ್ಲಿ ಸಾಲಾಗಿ ಬೆಳ್ಳಿ. 1972ರಲ್ಲಿ ಯುರೋಪಿಯನ್ ಚಾಂಪಿಯನ್ ಪಟ್ಟವೂ ಅವರದಾಯಿತು. ಇಷ್ಟೆಲ್ಲ ಇದ್ದೂ ಒಲಿಂಪಿಕ್ಸನ್ನೇ ಅಳತೆಗೋಲು ಮಾಡಿಕೊಂಡ ಕ್ರೀಡಾಚರಿತ್ರೆಗಳಲ್ಲಿ ಈ ಜೋಡಿಯ ಹೆಸರನ್ನು ಹುಡುಕುವುದು ವ್ಯರ್ಥ. ಐಸ್ ಡಾನ್ಸ್ ಒಲಿಂಪಿಕ್ ಪದಕದ ಸ್ಪರ್ಧೆಯಾದದ್ದೇ 1976ರಲ್ಲಿ, ಇನ್ಸ್‌ಬ್ರುಕ್‌ನಲ್ಲಿ. ಅಷ್ಟು ಹೊತ್ತಿಗೆ ಅಣ್ಣ ತಂಗಿ ಕಣದಲ್ಲಿರಲಿಲ್ಲ.

ಇಂಥವರ ಸಾಧನೆಯನ್ನು ಯಾವ ದಾಖಲೆಯ ಆಧಾರದಿಂದ ಅಳೆಯಬೇಕು ಎಂಬುದು ಈ ಲೇಖನದ ಪ್ರಶ್ನೆ. ಪದಕಗಳ ಪಟ್ಟಿಗಿಂತ, ಅವರು ರಚಿಸಿ ಬಿಟ್ಟುಹೋದ ಒಂದು ಹೆಜ್ಜೆಯ ನಕ್ಷೆ ಹೆಚ್ಚು ಗಟ್ಟಿಯಾದ ಆಧಾರ ಎಂಬುದು ನನ್ನ ವಾದ. ಆ ನಕ್ಷೆಯ ಹೆಸರು ರಾವೆನ್ಸ್‌ಬರ್ಗರ್ ವಾಲ್ಟ್ಜ್.

ಮೊದಲು ಹಿನ್ನೆಲೆ. ಫಿಗರ್ ಸ್ಕೇಟಿಂಗ್‌ನ ಜೋಡಿ ವಿಭಾಗದಲ್ಲಿ ಸಂಗಾತಿಯನ್ನು ತಲೆಯ ಮೇಲಕ್ಕೆ ಎತ್ತುವುದೂ ಗಾಳಿಗೆ ಎಸೆಯುವುದೂ ಮುಖ್ಯ. ಐಸ್ ಡಾನ್ಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಯುರೋಪಿನ ಬಾಲ್‌ರೂಮ್ ನೃತ್ಯವನ್ನು ಮಂಜುಗಡ್ಡೆಯ ಮೇಲಕ್ಕೆ ತಂದು ಬೆಳೆಸಿದ ಕಲೆ ಇದು. 1952ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಭಾಗವಾದಾಗಿನಿಂದ ಬಹುಕಾಲ ಇದು ಬ್ರಿಟಿಷರ ಸೊತ್ತಿನಂತಿತ್ತು. ನಡುವೆ ಚೆಕೊಸ್ಲೊವಾಕಿಯದ ರೊಮಾನೊವಾ ಒಡಹುಟ್ಟಿದವರು 1962ರಿಂದ ನಾಲ್ಕು ವರ್ಷ ಗೆದ್ದರೂ, ಆಮೇಲಿನ ನಾಲ್ಕು ವರ್ಷ ಮತ್ತೆ ಬ್ರಿಟನ್ನಿನ ಡಯಾನ್ ಟೌಲರ್ ಮತ್ತು ಬರ್ನಾರ್ಡ್ ಫೋರ್ಡ್ ಅವರದೇ. 1969ರಲ್ಲಿ ಅವರು ಹಿಂದೆ ಸರಿದಾಗ ಪಟ್ಟ ಖಾಲಿಯಾಯಿತು. ಅದಕ್ಕೆ ಕಣ್ಣಿಟ್ಟ ಮೂರು ಜೋಡಿಗಳೆಂದರೆ ಸೋವಿಯತ್ ಒಕ್ಕೂಟದ ಲ್ಯುದ್ಮಿಲಾ ಪಖೊಮೊವಾ ಮತ್ತು ಅಲೆಕ್ಸಾಂಡರ್ ಗೋರ್ಷ್‌ಕೊವ್, ಅಮೆರಿಕದ ಜೂಡಿ ಶ್ವೊಮೆಯರ್ ಮತ್ತು ಜೇಮ್ಸ್ ಸ್ಲ್ಯಾಡ್ಕಿ, ಮತ್ತು ಬುಕ್ ಒಡಹುಟ್ಟಿದವರು. 1970, 71, 72ರ ವಿಶ್ವ ವೇದಿಕೆಗಳ ಮೇಲೆ ನಿಂತವರು ಈ ಆರು ಜನರೇ. ಚಿನ್ನ ಮಾತ್ರ ಪ್ರತಿಸಲವೂ ಸೋವಿಯತ್ ಜೋಡಿಯದು.

ಈ ಸೋವಿಯತ್ ಜೋಡಿಯ ಯುರೋಪಿಯನ್ ದಾಖಲೆ ನೋಡಿದರೆ ಬುಕ್ ಅವರ ತೂಕ ತಿಳಿಯುತ್ತದೆ. 1970ರಿಂದ 1976ರವರೆಗೆ ಏಳು ಯುರೋಪಿಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಪಖೊಮೊವಾ ಮತ್ತು ಗೋರ್ಷ್‌ಕೊವ್ ಆರನ್ನು ಗೆದ್ದರು. ಕೈತಪ್ಪಿದ್ದು ಒಂದೇ: 1972ರ ಜನವರಿಯಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದದ್ದು. ಅಲ್ಲಿ ಮೊದಲನೆಯವರು ಆಂಗೆಲಿಕಾ ಮತ್ತು ಎರಿಖ್. ಈ ಪಟ್ಟಕ್ಕೇರಿದ ಮೊದಲ ಜರ್ಮನ್ ಐಸ್ ಡಾನ್ಸ್ ಜೋಡಿ ಅವರು. ಮರುತಿಂಗಳೇ ಜಪಾನಿನ ಸಪ್ಪೊರೊದಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರುವಾಯಿತು. ಯುರೋಪಿನ ಚಾಂಪಿಯನ್ನರಿಗೆ ಅಲ್ಲಿ ಸ್ಪರ್ಧೆಯೇ ಇರಲಿಲ್ಲ. ಮಾರ್ಚಿನಲ್ಲಿ ಕ್ಯಾಲ್ಗರಿಯ ವಿಶ್ವ ಕಣದಲ್ಲಿ ಪಖೊಮೊವಾ ಜೋಡಿ ಲೆಕ್ಕ ಚುಕ್ತಾ ಮಾಡಿತು.

ಗೋಥೆನ್‌ಬರ್ಗ್‌ನ ಗೆಲುವಿನ ಹಿಂದೆ ಬ್ರಿಟಿಷ್ ತರಬೇತುದಾರ್ತಿ ಬೆಟಿ ಕ್ಯಾಲವೇ ಇದ್ದರು. ಆಕೆಯ ಶಿಷ್ಯರಾದ ಹಂಗೆರಿಯ ರೆಗೊಟ್ಸಿ ಮತ್ತು ಶಲ್ಲಾಯ್ 1980ರಲ್ಲಿ ವಿಶ್ವ ಚಾಂಪಿಯನ್ನರಾದರು. 1984ರಲ್ಲಿ ಸರಯೇವೊದಲ್ಲಿ ‘ಬೊಲೆರೊ’ ಕುಣಿದು ಒಲಿಂಪಿಕ್ ಚಿನ್ನ ಗೆದ್ದ ಟಾರ್ವಿಲ್ ಮತ್ತು ಡೀನ್ ಕೂಡ ಆಕೆಯ ಗರಡಿಯವರೇ. ಐಸ್ ಡಾನ್ಸ್ ಚರಿತ್ರೆ ಕ್ಯಾಲವೇಯವರನ್ನು ನೆನೆಯುವುದು ಬಹುತೇಕ ಈ ಕೊನೆಯ ಜೋಡಿಯ ನೆಪದಿಂದ. ಆದರೆ ಕಾಲಕ್ರಮದಲ್ಲಿ ಬುಕ್ ಮೊದಲು. ಬ್ರಿಟಿಷ್ ಬಾಲ್‌ರೂಮ್ ಶಿಸ್ತು ಯುರೋಪಿನ ಒಳನಾಡಿಗೆ ಹೇಗೆ ದಾಟಿತೆಂದು ಹುಡುಕುವವರು ಮೊದಲು ಹೋಗಬೇಕಾದ ಊರು ಟಾರ್ವಿಲ್ ಮತ್ತು ಡೀನ್ ಅವರ ನಾಟಿಂಗ್‌ಹ್ಯಾಮ್ ಅಲ್ಲ. ಬುಕ್ ಅಣ್ಣ ತಂಗಿಯ ಊರಾದ, ಬೋಡೆನ್ ಸರೋವರಕ್ಕೆ ಹತ್ತಿರವಿರುವ ರಾವೆನ್ಸ್‌ಬರ್ಗ್.

ಆಗಿನ ಸ್ಪರ್ಧೆಯಲ್ಲಿ ಕಡ್ಡಾಯ ನೃತ್ಯಗಳದು ದೊಡ್ಡ ಪಾಲು. ಸಂಗೀತದ ಪರೀಕ್ಷೆಯಲ್ಲಿ ಎಲ್ಲ ವಿದ್ಯಾರ್ಥಿಗಳೂ ಅದೇ ವರ್ಣವನ್ನು ಹಾಡಿ ತೋರಿಸುವಂತೆ, ಎಲ್ಲ ಜೋಡಿಗಳೂ ಒಂದರ ಹಿಂದೊಂದು ಅದೇ ಹೆಜ್ಜೆಗಳನ್ನು, ಅದೇ ಲಯದಲ್ಲಿ, ಕಣದ ಅದೇ ಜಾಗಗಳಲ್ಲಿ ಇಡಬೇಕು. 1973ರಲ್ಲಿ ಜರ್ಮನಿಯ ಕ್ರೆಫೆಲ್ಡ್‌ನಲ್ಲಿ ಮೊದಲ ಬಾರಿ ಪ್ರದರ್ಶನಗೊಂಡ ರಾವೆನ್ಸ್‌ಬರ್ಗರ್ ವಾಲ್ಟ್ಜ್ ಈ ಕಡ್ಡಾಯ ನೃತ್ಯಗಳ ಪಟ್ಟಿಗೆ ಸೇರಿತು. ರಚನಕಾರರಾಗಿ ಎರಿಖ್, ಆಂಗೆಲಿಕಾ, ಕ್ಯಾಲವೇ ಮೂವರ ಹೆಸರೂ ನಮೂದಾಗಿದೆ.

ಇದರ ಕಷ್ಟ ಲಯದಲ್ಲಿದೆ. ನಿಮಿಷಕ್ಕೆ 66 ಆವರ್ತ, ಆವರ್ತಕ್ಕೆ 3 ಮಾತ್ರೆ. ಅಂದರೆ 198 ಮಾತ್ರೆ, ಒಂದೊಂದಕ್ಕೂ ಸುಮಾರು 0.3 ಸೆಕೆಂಡು. ಹೋಲಿಕೆಗೆ, ವೆಸ್ಟ್‌ಮಿನ್‌ಸ್ಟರ್ ವಾಲ್ಟ್ಜ್ 54 ಆವರ್ತದ್ದು, ಸ್ಟಾರ್‌ಲೈಟ್ 58ರದ್ದು. ಅಮೆರಿಕನ್ ವಾಲ್ಟ್ಜ್‌ನ ಲಯವೂ 66 ಆವರ್ತವೇ, ಆದರೆ ಅದು ಕಲಿಯುವವರ ನೃತ್ಯ. ಅಲ್ಲಿ ಒಂದು ಬಾಗನ್ನು ಆರು ಮಾತ್ರೆಯವರೆಗೂ ಹಿಡಿದುಕೊಂಡು ಹೋಗಬಹುದು. ರಾವೆನ್ಸ್‌ಬರ್ಗರ್‌ನಲ್ಲಿ ಅಷ್ಟು ಬಿಡುವಿಲ್ಲ. ಸ್ಕೇಟಿನ ಅಲಗಿನ ತಳದಲ್ಲಿ ಉದ್ದಕ್ಕೂ ಒಂದು ತೋಡು, ಅದರ ಎರಡು ಪಕ್ಕಕ್ಕೆ ಎರಡು ಅಂಚು. ಒಳ ಅಂಚಿನ ಮೇಲೆ ವಾಲಿದರೆ ಒಂದು ದಿಕ್ಕಿಗೆ ಬಾಗು, ಹೊರ ಅಂಚಿಗೆ ವಾಲಿದರೆ ಇನ್ನೊಂದಕ್ಕೆ. ತಿರುವಿನಲ್ಲಿ ಎರಡು ಅಂಚೂ ಒಟ್ಟಿಗೆ ಮಂಜುಗಡ್ಡೆಗೆ ತಾಕಿದರೆ ಬಾಗು ಸಪಾಟಾಗುತ್ತದೆ, ಕಣದ ಪಕ್ಕ ಕುಳಿತ ತೀರ್ಪುಗಾರರಿಗೆ ಅದು ಕಾಣುತ್ತದೆ. ಇಬ್ಬರೂ ವಾಲ್ಟ್ಜ್ ಹಿಡಿತದಲ್ಲಿ ಮೈಗೆ ಮೈ ಹತ್ತಿರವಿಟ್ಟುಕೊಂಡೇ ಇದನ್ನು ಮಾಡಬೇಕು. ಒಬ್ಬರ ಅಂಚು ಅರ್ಧ ಮಾತ್ರೆ ತಡವಾದರೆ ಇನ್ನೊಬ್ಬರ ಮೊಣಕಾಲಿಗೆ ಪೆಟ್ಟು.

ಒಡಹುಟ್ಟಿದವರು ರಚಿಸಿದ್ದರಿಂದಲೇ ಇದು ಹೀಗೆ ಬಂದಿರಬಹುದೆಂದು ನನಗನ್ನಿಸುತ್ತದೆ. ಇದು ಊಹೆ, ಪುರಾವೆಯಲ್ಲ. ಪಖೊಮೊವಾ ಮತ್ತು ಗೋರ್ಷ್‌ಕೊವ್ ಗಂಡ ಹೆಂಡತಿ. ತಮ್ಮ ತರಬೇತುದಾರ್ತಿ ಚೈಕೊವ್‌ಸ್ಕಯಾ ಜೊತೆ ಅವರು ರಚಿಸಿ 1974ರಲ್ಲಿ ಕುಣಿದ ಕಡ್ಡಾಯ ನೃತ್ಯದ ಹೆಸರೇ ಟ್ಯಾಂಗೊ ರೊಮ್ಯಾಂಟಿಕಾ. ಪ್ರೇಮದ ಅಭಿನಯ ಅಣ್ಣ ತಂಗಿಗೆ ಒದಗುವ ಸರಕಲ್ಲ. ಅವರ ಕೈಲಿದ್ದದ್ದು ವೇಗ ಮತ್ತು ಕರಾರುವಾಕ್ಕಾದ ಜೊತೆಗಾರಿಕೆ. ಮೂರನೆಯ ಜೋಡಿಯಾದ ಶ್ವೊಮೆಯರ್ ಮತ್ತು ಸ್ಲ್ಯಾಡ್ಕಿ ಕೂಡ ತರಬೇತುದಾರ ರಾನ್ ಲುಡಿಂಗ್ಟನ್ ಜೊತೆ ಸೇರಿ ಯಾಂಕಿ ಪೋಲ್ಕಾ ಕಟ್ಟಿದರು. ಹೀಗೆ 1970ರ ಲುಬ್ಲಿಯಾನಾ ವೇದಿಕೆಯ ಮೂರು ಮೆಟ್ಟಿಲುಗಳಿಂದಲೂ ಒಂದೊಂದು ಕಡ್ಡಾಯ ನೃತ್ಯ ಬಂದಿದೆ. ಒಂದೇ ತಲೆಮಾರಿನ ಮೂರು ಪ್ರತಿಸ್ಪರ್ಧಿ ಜೋಡಿಗಳು ಮುಂದಿನವರ ಪಠ್ಯಕ್ರಮವನ್ನು ಹಂಚಿಕೊಂಡು ಬರೆದ ಈ ಸಂಗತಿಗೆ ಸಂಶೋಧಕರ ಗಮನ ಸಾಲದು.

ನೃತ್ಯದ ಮುಂದಿನ ಹಾದಿ ರಚನಕಾರರ ಹಾದಿಗಿಂತ ಉದ್ದವಾದದ್ದು. 2006ರ ಟೂರಿನ್ ಒಲಿಂಪಿಕ್ಸ್‌ಗೆ ಕಡ್ಡಾಯ ನೃತ್ಯವಾಗಿ ಬಂದದ್ದು ರಾವೆನ್ಸ್‌ಬರ್ಗರ್ ವಾಲ್ಟ್ಜೇ. ಅದನ್ನು ಕುಣಿದು ಮೊದಲ ಸುತ್ತಿನಲ್ಲಿ ಮುಂದಿದ್ದವರು ಆತಿಥೇಯ ಇಟಲಿಯ ಫ್ಯೂಸರ್‌ಪೋಲಿ ಮತ್ತು ಮಾರ್ಗಾಲ್ಯೊ. ಎರಡನೆಯ ಸುತ್ತಿನಲ್ಲಿ ಬಿದ್ದು, ಹಾಡು ಮುಗಿದ ಮೇಲೆ ಫ್ಯೂಸರ್‌ಪೋಲಿ ತಮ್ಮ ಸಂಗಾತಿಯನ್ನು ನೆಟ್ಟ ನೋಟದಿಂದ ದಿಟ್ಟಿಸಿದ ದೃಶ್ಯ ಹಲವರಿಗೆ ನೆನಪಿರಬಹುದು. 2010ರ ವ್ಯಾಂಕೂವರ್‌ನ ಸರದಿ ಟ್ಯಾಂಗೊ ರೊಮ್ಯಾಂಟಿಕಾದ್ದು. ಅದೇ ವರ್ಷ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಕಡ್ಡಾಯ ನೃತ್ಯದ ಸುತ್ತನ್ನೇ ಕೈಬಿಟ್ಟು, ಶಾರ್ಟ್ ಡಾನ್ಸ್ ಎಂಬ ಹೊಸ ಸುತ್ತು ತಂದಿತು. ಅಂದರೆ ಒಲಿಂಪಿಕ್ಸ್ ಕಂಡ ಕೊನೆಯ ಎರಡು ಕಡ್ಡಾಯ ನೃತ್ಯಗಳು ಬುಕ್ ಜೋಡಿಯದೂ ಅವರ ಎದುರಾಳಿಗಳದೂ. ಸ್ವತಃ ಒಲಿಂಪಿಕ್ ಕಣಕ್ಕೆ ಇಳಿಯದೆ ಹೋದವರು ರಚಿಸಿದ ಹೆಜ್ಜೆಗಳನ್ನು ಟೂರಿನ್‌ನಲ್ಲಿ ಎಲ್ಲ ಜೋಡಿಗಳೂ ಕುಣಿಯಬೇಕಾಯಿತು.

ಜರ್ಮನಿಗೆ ಬುಕ್ ನಂತರ ಐಸ್ ಡಾನ್ಸ್‌ನಲ್ಲಿ ವಿಶ್ವ ಪದಕ ಬರಲು 31 ವರ್ಷ ಬೇಕಾಯಿತು. 2004ರಲ್ಲಿ ಡಾರ್ಟ್‌ಮುಂಡ್‌ನಲ್ಲಿ ಕಾಟಿ ವಿಂಕ್ಲರ್ ಮತ್ತು ರೆನೆ ಲೋಸೆ ಕಂಚು ಪಡೆದರು. ಪದಕದ ಲೆಕ್ಕದಲ್ಲಿ ಇದೊಂದು ದೀರ್ಘ ಬರಗಾಲ. ನೃತ್ಯದ ಲೆಕ್ಕ ಬೇರೆ: ಆ ವರ್ಷಗಳಲ್ಲಿ ರಾವೆನ್ಸ್‌ಬರ್ಗ್‌ನ ವಾಲ್ಟ್ಜನ್ನು ದೇಶದೇಶಗಳ ಸ್ಕೇಟರುಗಳು ಅಭ್ಯಾಸ ಮಾಡುತ್ತಲೇ ಇದ್ದರು. 2015–16ರ ಋತುವಿನಲ್ಲಿ ಹಿರಿಯರ ಶಾರ್ಟ್ ಡಾನ್ಸ್‌ಗೆ ಅದರ ಭಾಗಗಳನ್ನೇ ಕಡ್ಡಾಯ ಅಂಶವಾಗಿ ಗೊತ್ತುಮಾಡಲಾಯಿತು. ಆ ಸಲದ ತೀರ್ಪಿನ ಕ್ರಮದಲ್ಲಿ ನಿಗದಿಯಾದ ಕೆಲವು ಹೆಜ್ಜೆಗಳ ಅಂಚು ಸರಿಯಿದೆಯೇ ಎಂದು ವಿಡಿಯೊ ನಿಲ್ಲಿಸಿ ನೋಡಿ ಮಟ್ಟ ನಿರ್ಧರಿಸುವವರಿದ್ದರು. 1973ರ ಆ 198 ಮಾತ್ರೆಯ ಓಟದಲ್ಲಿ ಅಣ್ಣ ತಂಗಿಯ ಅಂಚುಗಳನ್ನು ಬರಿಗಣ್ಣಿನಿಂದಲೇ ಅಳೆಯಲಾಗಿತ್ತು.