ಮುಗಿಲಿಗೆ ಪಕ್ಷವಿಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಜನರಿಗೆ ಮುಗಿಲನ್ನು ನೋಡುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಪಡುವಣ ಗಟ್ಟದ ಮೇಲೆ ತಮ್ಮ ನೀರನ್ನೆಲ್ಲ ಸುರಿದು ಬರಿದಾದ ಮೋಡಗಳು ನಮ್ಮ ಎರೆಹೊಲಗಳ ಮೇಲೆ ನೆರಳನ್ನಷ್ಟೇ ಚೆಲ್ಲಿ ಮೂಡಣಕ್ಕೆ ಸಾಗಿಬಿಡುತ್ತವೆ. ಮಿರಗದಿಂದ ಮೊದಲ್ಗೊಂಡು ಚಿತ್ತಿಯ ಮಳೆಯವರೆಗೆ ಒಂದೊಂದು ನಕ್ಷತ್ರವನ್ನೂ ಎಣಿಸುತ್ತ, ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಹದ ಸಿಕ್ಕೀತೇ ಎಂದು ಒಕ್ಕಲಿಗನು ಕತ್ತೆತ್ತಿ ನಿಲ್ಲುತ್ತಾನೆ. ನಮ್ಮ ಕಡೆಯ ಮಾತಿನಲ್ಲಿ ಮುಗಿಲೆಂದರೆ ಮೋಡವೂ ಹೌದು, ಆಕಾಶವೂ ಹೌದು. ಎರಡಕ್ಕೂ ಒಂದೇ ಶಬ್ದ ಸಾಕೆಂದು ನಮ್ಮ ಹಿರಿಯರಿಗೆ ತೋಚಿದ್ದರಲ್ಲಿ ಆಶ್ಚರ್ಯವೇನಿದೆ? ಮೋಡವಿಲ್ಲದ ಆಕಾಶದಿಂದ ಅವರಿಗೆ ಆಗಬೇಕಾದುದು ಏನೂ ಇರಲಿಲ್ಲ.

ಇಂಥ ಸೀಮೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ, ನಮ್ಮ ಹುಡುಗರು ಕಂಪ್ಯೂಟರಿನಲ್ಲಿ ಆಡುವ ಯುದ್ಧದಾಟಗಳ ಪೈಕಿ ಪೆಸಿಫಿಕ್ ಸಾಗರದ ಕಾಳಗವನ್ನು ಕುರಿತ ಆಟಗಳು ವಿಶೇಷ ಕುತೂಹಲ ಹುಟ್ಟಿಸಿವೆ. ಅವುಗಳಲ್ಲಿ ಹಡಗು, ವಿಮಾನ, ಇಂಧನಗಳ ಜೊತೆಗೆ ಹವೆಗೂ ಒಂದು ಲೆಕ್ಕವುಂಟು. ಪ್ರತಿ ಸರದಿಗೂ ಹವೆ ಬದಲಾಗುತ್ತದೆ. ಬಾನು ತಿಳಿಯಾಗಿದ್ದರೆ ವಿಮಾನಗಳು ಹೋದ ಕೆಲಸ ಮುಗಿಸಿ ಬರುತ್ತವೆ. ಮೋಡ ಕವಿದರೆ ಗುರಿ ಕಾಣದೆ ಮರಳುತ್ತವೆ. ಬಿರುಗಾಳಿಯಿದ್ದರೆ ನೆಲ ಬಿಟ್ಟು ಏಳುವುದೇ ಇಲ್ಲ. ಈ ಲೆಕ್ಕ ಸುಳ್ಳೆಂದು ನಾನು ಹೇಳಲಾರೆ. ಆದರೆ ಆಟದಲ್ಲಿ ಶೇಕಡಾ ಇಷ್ಟು ಎಂದು ಅಂಕಿಯಾಗಿ ನಿಂತಿರುವ ಹವೆ, ಇತಿಹಾಸದಲ್ಲಿ ಯಾರ ಮೇಲೆ ಬಿತ್ತು, ಯಾರನ್ನು ಉಳಿಸಿತು ಎಂಬುದನ್ನು ಕೊಂಚ ವಿಚಾರಿಸಿ ನೋಡುವುದು ಉಚಿತವಾದೀತು.

ಮೊದಲು ನಮಗೆ ಹತ್ತಿರದ ಸಂಗತಿಯನ್ನೇ ನೋಡೋಣ. ಜಪಾನಿನೊಡನೆ ನಡೆದ ಯುದ್ಧ ದೂರದ ದ್ವೀಪಗಳಿಗಷ್ಟೇ ಸೇರಿದ್ದಲ್ಲ. ಅದರ ಒಂದು ತುದಿ ಬರ್ಮಾ, ಮಣಿಪುರಗಳವರೆಗೂ ಚಾಚಿತ್ತು. ಆ ತುದಿಗೆ ವಿಮಾನಗಳನ್ನು ಸಜ್ಜುಗೊಳಿಸುತ್ತಿದ್ದ ನೆಲೆಗಳಲ್ಲಿ ನಮ್ಮ ಬೆಂಗಳೂರೂ ಒಂದಾಗಿತ್ತು. ವಾಲಚಂದ ಹಿರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನಾ ವಾಯುದಳದ ಕೈಗೆ ಬಂದು, ಯುದ್ಧ ಮುಗಿಯುವ ತನಕ ದುರಸ್ತಿಯ ಕೇಂದ್ರವಾಗಿತ್ತು. ಡಕೋಟಾ ಸಾಗಣೆ ವಿಮಾನಗಳು ಅಲ್ಲಿಗೆ ಬಂದು ಸರಿಯಾಗಿ ಹೋಗುತ್ತಿದ್ದವು. ನೀರಿನ ಮೇಲೆ ಇಳಿಯಬಲ್ಲ ಕೆಟಲೀನಾ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣವಾಗಿತ್ತು.

1944ರ ಮಾರ್ಚ್ ಕೊನೆಯಲ್ಲಿ ಜಪಾನೀಯರು ಇಂಫಾಲಕ್ಕೆ ಹೋಗುವ ಕೊಹಿಮಾ ದಾರಿಯನ್ನು ಕಡಿದರು. ಸುಮಾರು ಒಂದೂವರೆ ಲಕ್ಷ ಸೈನಿಕರು ಆ ಬಯಲಿನಲ್ಲಿ ಸಿಕ್ಕಿಬಿದ್ದರು. ಅಕ್ಕಿ, ಹಿಟ್ಟು, ಮದ್ದುಗುಂಡು, ಔಷಧ ಎಲ್ಲವೂ ಗಾಳಿಯ ದಾರಿಯಿಂದಲೇ ಬರಬೇಕಾಯಿತು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಯಾವ ನೈಋತ್ಯ ಮಾರುತದ ಒಂದು ಕವಲಿಗಾಗಿ ನಾವು ಇಲ್ಲಿ ಹಂಬಲಿಸುತ್ತೇವೆಯೋ ಅದರ ಇನ್ನೊಂದು ಕವಲು ಬಂಗಾಳ ಉಪಸಾಗರದ ಮೇಲಿನಿಂದ ಹೋಗಿ ಮಣಿಪುರದ ಬೆಟ್ಟಗಳನ್ನು ಮುಚ್ಚಿತು. ಅದುವರೆಗೆ ಬರ್ಮಾದಲ್ಲಿ ಮಳೆಗಾಲವೆಂದರೆ ಕಾಳಗಕ್ಕೆ ಬಿಡುವು ಎಂಬ ಭಾವನೆಯಿತ್ತು. ಈ ಸಲ ಬಿಡುವಿಲ್ಲವೆಂದು ಮಿತ್ರಪಕ್ಷದ ದಂಡನಾಯಕರು ನಿಶ್ಚಯಿಸಿದರು. ಜೂನ್ 22ರಂದು ದಾರಿ ಮತ್ತೆ ತೆರೆಯುವ ತನಕ ವಿಮಾನಗಳು ಕಾರ್ಮೋಡದ ನಡುವೆಯೇ ಹಾರಾಡಿದವು. ಆ ನಿಶ್ಚಯಕ್ಕೆ ತೆತ್ತ ಬೆಲೆ ಎಂಥದೆಂಬುದಕ್ಕೆ ಒಂದೇ ನಿದರ್ಶನ ಸಾಕು. ಅದೇ ವರ್ಷದ ಆಗಸ್ಟ್ 10ರಂದು ಮಣಿಪುರದ ಪಲೇಲದಿಂದ ಕಲಕತ್ತೆಯ ಕಡೆಗೆ ಹೊರಟ 16 ಸ್ಪಿಟ್‌ಫೈರ್ ವಿಮಾನಗಳು ಮಳೆಮೋಡವೊಂದರ ಸುಳಿಗೆ ಸಿಕ್ಕವು. ಕೆಲವೇ ನಿಮಿಷಗಳಲ್ಲಿ ಎಂಟು ವಿಮಾನಗಳು ಹಾಳಾದವು. ನಾಲ್ವರು ವೈಮಾನಿಕರು ಸತ್ತರು. ಶತ್ರುವಿನ ಒಂದು ಗುಂಡೂ ಅವರಿಗೆ ತಾಗಿರಲಿಲ್ಲ. ಅಸ್ಸಾಮಿನಿಂದ ಹಿಮಾಲಯದ ತುದಿಯನ್ನು ದಾಟಿ ಚೀನಕ್ಕೆ ಸಾಮಗ್ರಿ ಒಯ್ಯುತ್ತಿದ್ದ ದಾರಿಯಲ್ಲಂತೂ 1942ರಿಂದ 1945ರ ನಡುವೆ ಸುಮಾರು 600 ವಿಮಾನಗಳು ನಷ್ಟವಾದವು. ಅವುಗಳಲ್ಲಿ ಬಹಳಷ್ಟನ್ನು ನುಂಗಿದ್ದು ಮಂಜು, ಗಾಳಿ, ಹಿಮಗಳೇ.

ಇತ್ತ ಪೆಸಿಫಿಕ್ಕಿನಲ್ಲಿಯೂ ಇದೇ ಕತೆ. ಹೆಸರಿಗೆ ಅದು ಶಾಂತಸಾಗರ. 1944ರ ಡಿಸೆಂಬರ್ 18ರಂದು ಫಿಲಿಪ್ಪೀನ್ಸಿನ ಮೂಡಣ ಸಮುದ್ರದಲ್ಲಿ ಅಡ್ಮಿರಲ್ ಹಾಲ್ಸಿಯ ಅಮೆರಿಕನ್ ನೌಕಾಪಡೆ ಬಿರುಗಾಳಿಯೊಂದರ ಬಾಯಿಗೆ ನೇರವಾಗಿ ನುಗ್ಗಿತು. ಮೂರು ಹಡಗುಗಳು ಮುಳುಗಿದವು. 790ರಷ್ಟು ನಾವಿಕರು ಸತ್ತರು. ಹಡಗುಗಳ ಮೇಲಿದ್ದ 140ಕ್ಕೂ ಹೆಚ್ಚು ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಬೆಂಕಿ ಹತ್ತಿ, ಸಮುದ್ರಕ್ಕೆ ಬಿದ್ದು ಹಾಳಾದವು. ಇಷ್ಟರಮಟ್ಟಿಗೆ ಆಟದ ಲೆಕ್ಕವೂ ಇತಿಹಾಸದ ಲೆಕ್ಕವೂ ಹೊಂದಿಕೊಂಡು ಹೋಗುತ್ತವೆ: ಹವೆ ಕೆಟ್ಟರೆ ವಿಮಾನಕ್ಕೆ ಕೇಡು.

ಆದರೆ ಹವೆಯ ಕೈ ಇದಕ್ಕಿಂತ ಉದ್ದವಾದುದು. ಅದು ವಿಮಾನವನ್ನು ತಡೆಯುವುದಷ್ಟೇ ಅಲ್ಲ, ಯುದ್ಧ ಮಾಡುವವರ ಮನಸ್ಸನ್ನೂ ತಿರುಗಿಸುತ್ತದೆ. 1944ರ ನವೆಂಬರ್ 24ರಂದು ಸೈಪಾನ್ ದ್ವೀಪದಿಂದ 111 ಬಿ-29 ವಿಮಾನಗಳು ಟೋಕಿಯೋದ ಹೊರವಲಯದಲ್ಲಿದ್ದ ವಿಮಾನ ಎಂಜಿನ್ನಿನ ಕಾರ್ಖಾನೆಯನ್ನು ಗುರಿಯಾಗಿಟ್ಟು ಹೊರಟವು. ಸುಮಾರು 30 ಸಾವಿರ ಅಡಿ ಎತ್ತರದಲ್ಲಿ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ಗಾಳಿಯ ಹೊಳೆಯೊಂದು ಅವುಗಳನ್ನು ಎಳೆದೊಯ್ದಿತು, ಕೆಳಗೆ ಮೋಡ. ಆ ಕಾರ್ಖಾನೆಯ ಮೇಲೆ ಬಾಂಬು ಹಾಕಲು 24 ವಿಮಾನಗಳಿಗೆ ಮಾತ್ರ ಸಾಧ್ಯವಾಯಿತು.

ಈ ಗಾಳಿಯ ಹೊಳೆಯನ್ನು ಮೊದಲೇ ಕಂಡವರು ಇದ್ದರು. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೋ ಓಇಶಿಯವರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಅದನ್ನು ಅಳೆದಿದ್ದರು. ಎಲ್ಲ ದೇಶದವರೂ ಓದಲೆಂಬ ಸದಾಶಯದಿಂದ, 1926ರಲ್ಲಿ ತಮ್ಮ ವರದಿಯನ್ನು ಎಸ್ಪೆರಾಂಟೋ ಎಂಬ ಕಟ್ಟುಭಾಷೆಯಲ್ಲಿ ಅಚ್ಚು ಹಾಕಿಸಿದರು. ಎಲ್ಲರ ಭಾಷೆಯಾಗಬೇಕೆಂದು ಹುಟ್ಟಿದ ಆ ಭಾಷೆಯನ್ನು ಹೊರಗಿನ ವಿಜ್ಞಾನಿಗಳಲ್ಲಿ ಓದಿದವರು ವಿರಳ. ಭಾಷೆಯನ್ನೇ ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಮರೆಯಲಾಗದ ಪ್ರಸಂಗ. ಜಪಾನೀಯರು ಮಾತ್ರ ಆ ತಿಳಿವಳಿಕೆಯನ್ನು ಮರೆಯಲಿಲ್ಲ. 1944ರ ನವೆಂಬರಿನಿಂದ ಮುಂದಿನ ವಸಂತದವರೆಗೆ ಬಾಂಬು ಕಟ್ಟಿದ 9,000ಕ್ಕೂ ಹೆಚ್ಚು ಬಲೂನುಗಳನ್ನು ಅದೇ ಗಾಳಿಯಲ್ಲಿ ಅಮೆರಿಕದ ಕಡೆಗೆ ತೇಲಿಬಿಟ್ಟರು. ಅವುಗಳಲ್ಲೊಂದು 1945ರ ಮೇ 5ರಂದು ಓರೆಗಾನ್ ಪ್ರಾಂತದ ಕಾಡಿನಲ್ಲಿ ಸಿಡಿದು, ವನಭೋಜನಕ್ಕೆ ಹೋಗಿದ್ದ ಒಬ್ಬ ಹೆಂಗಸೂ ಐದು ಮಕ್ಕಳೂ ಸತ್ತರು.

ಅಮೆರಿಕನ್ನರು ಕೈಕೊಂಡ ದಾರಿಯು ಇದಕ್ಕಿಂತ ಘೋರವಾದುದು. ಎತ್ತರದಿಂದ ಕಾರ್ಖಾನೆಗೆ ಗುರಿಯಿಡಲು ಗಾಳಿಯೂ ಮೋಡವೂ ಬಿಡಲೊಲ್ಲವು ಎಂದಾದಾಗ, ಜನರಲ್ ಲಿಮೇ ರಾತ್ರಿಯ ಹೊತ್ತಿನಲ್ಲಿ ಕೆಳಮಟ್ಟದಲ್ಲಿ ಹಾರಿ ಬೆಂಕಿಬಾಂಬು ಸುರಿಯುವ ಆಜ್ಞೆ ಮಾಡಿದನು. ಈ ನಿರ್ಧಾರಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹವೆಯ ಕಾರಣ ಸಣ್ಣದಲ್ಲ. 1945ರ ಮಾರ್ಚ್ 9ರ ರಾತ್ರಿ ಬಿರುಸಾದ ಗಾಳಿ ಬೀಸುತ್ತಿದ್ದಾಗ ಟೋಕಿಯೋದ ಮರದ ಮನೆಗಳಿಗೆ ಬೆಂಕಿ ಬಿತ್ತು. ಬೆಳಗಾಗುವಷ್ಟರಲ್ಲಿ ಲಕ್ಷದ ಹತ್ತಿರ ಜನ ಬೂದಿಯಾಗಿದ್ದರು. ಆಟದ ಪಟ್ಟಿಯಲ್ಲಿ ಕೆಟ್ಟ ಹವೆಯೆಂದರೆ ಕೆಳಗಿನವರಿಗೆ ರಕ್ಷೆ. ಇಲ್ಲಿ ಕೆಟ್ಟ ಹವೆಯೇ ಸುತ್ತು ಬಳಸಿ ಕೆಳಗಿನವರಿಗೆ ಮೃತ್ಯುವಾಯಿತು.

ಕೊನೆಯದಾಗಿ, 1945ರ ಆಗಸ್ಟ್ 9ರ ಬೆಳಗು. ಎರಡನೆಯ ಅಣುಬಾಂಬನ್ನು ಹೊತ್ತ ವಿಮಾನ ಹೊರಟಿದ್ದು ನಾಗಸಾಕಿಗಲ್ಲ, ಕೊಕುರಾ ಎಂಬ ನಗರಕ್ಕೆ. ಅಲ್ಲಿ ದೊಡ್ಡದೊಂದು ಶಸ್ತ್ರಾಗಾರವಿತ್ತು. ಕಣ್ಣಿನಿಂದ ಗುರಿ ಕಂಡ ಮೇಲೆಯೇ ಬಾಂಬು ಬಿಡತಕ್ಕದ್ದೆಂದು ಅಪ್ಪಣೆಯಾಗಿತ್ತು. ವಿಮಾನ ಮೂರು ಸಲ ನಗರದ ಮೇಲೆ ಹಾದುಹೋಯಿತು. ಮೂರು ಸಲವೂ ಗುರಿ ಕಾಣಲಿಲ್ಲ. ಮುಚ್ಚಿದ್ದು ಮೋಡವೋ, ಹಿಂದಿನ ದಿನ ನೆರೆಯ ಯಹಾತಾ ಊರಿಗೆ ಬಿದ್ದ ಬೆಂಕಿಯ ಹೊಗೆಯೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಇಂಧನ ಕಡಿಮೆಯಾಗುತ್ತ ಬಂದು ವಿಮಾನ ನಾಗಸಾಕಿಯತ್ತ ತಿರುಗಿತು. ಅಲ್ಲಿಯೂ ಮೋಡ, ಆದರೆ ಕೊನೆಯ ಗಳಿಗೆಯಲ್ಲಿ ಅದರಲ್ಲೊಂದು ಕಂಡಿ ತೆರೆಯಿತೆಂದು ಬಾಂಬು ಹಾಕಿದವನು ಹೇಳಿದನು. ಆ ವರ್ಷ ಮುಗಿಯುವುದರೊಳಗೆ ನಾಗಸಾಕಿಯಲ್ಲಿ ಸತ್ತವರು ಸುಮಾರು 70 ಸಾವಿರ. ಕೊಕುರಾದ ಜನರು ಅಂದು ಎಂದಿನಂತೆ ತಮ್ಮ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬಂದರು. ತಮ್ಮ ತಲೆಯ ಮೇಲೆ ಏನು ಹಾದುಹೋಯಿತೆಂಬುದು ಅವರಿಗೆ ಅಂದು ತಿಳಿಯಲಿಲ್ಲ.

ಆ ಮೋಡಕ್ಕೆ ಕೊಕುರಾದ ಮೇಲೆ ಪ್ರೀತಿಯಿರಲಿಲ್ಲ, ನಾಗಸಾಕಿಯ ಮೇಲೆ ದ್ವೇಷವೂ ಇರಲಿಲ್ಲ. ಮುಗಿಲಿಗೆ ಪಕ್ಷವಿಲ್ಲ, ಪಕ್ಷವಿರುವುದು ವಿಮಾನವನ್ನು ಏರಿದವರಿಗೆ, ಅವರನ್ನು ಕಳಿಸಿದವರಿಗೆ. ಆದ್ದರಿಂದ ಹೊಣೆಯನ್ನು ಹವೆಯ ಮೇಲೆ ಹೊರಿಸುವಂತಿಲ್ಲ.

ಯುದ್ಧ ಮುಗಿದ ಮರುವರ್ಷ ಇದೇ ವಿದ್ಯೆ ಇನ್ನೊಂದು ಹೊರಳು ಪಡೆಯಿತು. ಯುದ್ಧಕಾಲದಲ್ಲಿ ವಿಮಾನದ ಮೇಲೆ ಹಿಮ ಕಟ್ಟುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದ ವಿನ್ಸೆಂಟ್ ಶೇಫರ್, 1946ರ ನವೆಂಬರಿನಲ್ಲಿ ವಿಮಾನವೇರಿ ಮೋಡಕ್ಕೆ ಒಣಮಂಜಿನ ಪುಡಿ ಉದುರಿಸಿ ಹಿಮ ಬೀಳಿಸಿ ತೋರಿಸಿದನು. ಮೋಡ ಬಿತ್ತನೆಯ ಆರಂಭ ಅಲ್ಲಿಂದ. ನಮ್ಮ ಸರಕಾರವೂ 2003ರಲ್ಲಿ ‘ವರುಣ’ವೆಂದೂ 2017ರಲ್ಲಿ ‘ವರ್ಷಧಾರಿ’ಯೆಂದೂ ಹೆಸರಿಟ್ಟು ಮಳೆಗಾಗಿ ವಿಮಾನ ಹಾರಿಸಿತು. ಅದರಿಂದ ಎಷ್ಟು ಮಳೆ ಹೆಚ್ಚಾಯಿತೆಂಬ ವಾದ ಬೇರೆ. ಅಂದು ಮೋಡವಿಲ್ಲದ ಕಂಡಿಯನ್ನು ಹುಡುಕುತ್ತಿದ್ದ ವಿಮಾನವು ಇಂದು ಮೋಡವನ್ನೇ ಹುಡುಕಿಕೊಂಡು ಹೊರಟಿತಲ್ಲ, ಅಷ್ಟಾದರೂ ಮನುಷ್ಯನು ಮಾಡಿದನಲ್ಲ ಎಂದು ನನಗೆ ಸಮಾಧಾನ.

ನಮ್ಮ ಹುಡುಗರು ಆಟವಾಡಲಿ, ಬೇಡವೆನ್ನುವವನು ನಾನಲ್ಲ. ಭೂಪಟದ ಮೇಲೆ ಮೋಡ ಕವಿದು ತಮ್ಮ ಸರದಿ ವ್ಯರ್ಥವಾಯಿತೆಂದು ಅವರು ಪೇಚಾಡುವಾಗ, ಆ ಮೋಡದ ಕೆಳಗೊಂದು ಊರಿತ್ತು, ಅದು ಆ ದಿನ ಉಳಿಯಿತು ಎಂದು ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಹೇಳಿಕೊಟ್ಟರೆ ಸಾಕು. ಮಳೆಗಾಗಿ ಕಾದು ಬಲ್ಲ ಇಂಡಿ, ಸಿಂದಗಿಯ ಮಕ್ಕಳಿಗೆ ಆ ಮಾತು ಅರ್ಥವಾಗದೆ ಇರದು.