ಅಜ್ಜ, ಅಪ್ಪ, ಮಗ: ಬ್ಯಾಕಪ್ ನಡೆದು ಬಂದ ದಾರಿ

1950ರ ದಶಕದ ಕಂಪ್ಯೂಟರುಗಳು ವ್ಯಾಪಾರದ ಲೆಕ್ಕವನ್ನು ಕಾಂತೀಯ ಟೇಪಿನಲ್ಲಿ ಇಡುತ್ತಿದ್ದವು. ಐಬಿಎಂ 1952ರಲ್ಲಿ ಹೊರತಂದ 726 ಟೇಪ್ ಯಂತ್ರದ ಪಟ್ಟಿ ಅರ್ಧ ಇಂಚು ಅಗಲ. ಒಂದು ಇಂಚು ಉದ್ದದಲ್ಲಿ ಹಿಡಿಯುತ್ತಿದ್ದುದು 100 ಅಕ್ಷರ. ಟೇಪಿನ ನಡುವಿನ ಒಂದು ಖಾತೆಯನ್ನಷ್ಟೇ ತಿದ್ದುವುದು ಕಷ್ಟ. ಹಾಗಾಗಿ ನಿನ್ನೆಯ ಮೂಲ ಟೇಪನ್ನೂ ಇಂದಿನ ವಹಿವಾಟಿನ ಟೇಪನ್ನೂ ಓದಿ, ಎಲ್ಲ ಖಾತೆಗಳನ್ನೂ ಮೂರನೆಯ ಟೇಪಿಗೆ ಹೊಸದಾಗಿ ಬರೆಯುತ್ತಿದ್ದರು. ಹಳೆಯದು ಹಾಗೇ ಉಳಿಯುತ್ತಿತ್ತು. ಇಂದಿನದು ಮಗ, ನಿನ್ನೆಯದು ಅಪ್ಪ, ಮೊನ್ನೆಯದು ಅಜ್ಜ ಎಂದು ಮೂರು ತಲೆಮಾರು ಕಾದಿಡುವ ಪದ್ಧತಿ ಬೆಳೆದದ್ದು ಹೀಗೆ. ಸುರುಳಿಯ ಹಿಂಬದಿಯ ತೋಡಿನಲ್ಲಿ ಒಂದು ಪ್ಲಾಸ್ಟಿಕ್ ಬಳೆ ಕೂರುತ್ತಿತ್ತು. ಅದನ್ನು ತೆಗೆದರೆ ಯಂತ್ರ ಓದುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ. ಅಜ್ಜನ ಮೇಲೆ ಯಾರೂ ಕೈತಪ್ಪಿ ಬರೆಯದಂತೆ ಕಾದದ್ದು ಇಂಥ ಬಳೆ.

1956ರಲ್ಲಿ ಐಬಿಎಂನ ಡಿಸ್ಕ್ ಯಂತ್ರ ರಾಮ್ಯಾಕ್ ಬಂತು: 24 ಇಂಚಿನ 50 ತಟ್ಟೆಗಳು, 50 ಲಕ್ಷ ಅಕ್ಷರ. ಬೇಕಾದ ಖಾತೆಯನ್ನು ಇದ್ದಲ್ಲೇ ತಿದ್ದಬಹುದಾಯಿತು. ಆದರೆ ಹೊಸ ಅಂಕಿ ಕೂತಲ್ಲಿ ಹಳೆಯದು ಅಳಿದುಹೋಗುತ್ತಿತ್ತು. ಅದುವರೆಗೆ ಕೆಲಸದ ಜೊತೆಗೇ ತಾನಾಗಿ ಹುಟ್ಟುತ್ತಿದ್ದ ನಕಲನ್ನು ಇನ್ನು ಹೊತ್ತು ಗೊತ್ತುಮಾಡಿ ಬೇರೆಯಾಗಿ ತೆಗೆಯಬೇಕಾಯಿತು. ಬ್ಯಾಕಪ್ಪಿಗೆ ಯೋಜನೆ ಬೇಕಾದದ್ದು ಇಲ್ಲಿಂದ.

ರಾತ್ರಿ ತೆಗೆದ ನಕಲಿನಲ್ಲಿ ಮರುದಿನದ ವಹಿವಾಟು ಇರುವುದಿಲ್ಲ. ಆ ಅಂತರ ತುಂಬಿದ್ದು ಪ್ರತಿ ಬದಲಾವಣೆಯನ್ನೂ ನಡೆದ ಕ್ರಮದಲ್ಲೇ ಬರೆದಿಡುವ ಲಾಗ್. ಕಿರ್ದಿ ಬರೆದು ಬಲ್ಲ ಅಂಗಡಿಯವರಿಗೆ ಇದರ ತತ್ವ ಹೊಸದಲ್ಲ: ದಿನದ ವ್ಯಾಪಾರ ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ, ಅಲ್ಲಿಂದ ಖಾತೆ ಪುಸ್ತಕಕ್ಕೆ. ಖಾತೆ ಪುಸ್ತಕ ಕಳೆದರೂ ಕಿರ್ದಿಗಳೆಲ್ಲ ಇದ್ದರೆ ಯಾರ ಬಾಕಿ ಎಷ್ಟೆಂದು ಮತ್ತೆ ಕಟ್ಟಬಹುದು. ಮದ್ರಾಸ್ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಐಬಿಎಂನ ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಕ್ರಮ ಈ ತತ್ವಕ್ಕೆ ಗಟ್ಟಿ ರೂಪ ಕೊಟ್ಟಿತು. ಕುಸಿದ ಯಂತ್ರ ಮತ್ತೆ ಎದ್ದಾಗ ಅರ್ಧಕ್ಕೆ ನಿಂತ ಕೆಲಸಗಳನ್ನು ಅದು ಲಾಗಿನಿಂದ ಗುರುತಿಸುತ್ತದೆ; ನಡೆದದ್ದನ್ನೆಲ್ಲ ಮತ್ತೆ ನಡೆಸುತ್ತದೆ; ಆಮೇಲೆ ಮುಗಿಯದವನ್ನು ಕೊನೆಯಿಂದ ಹಿಂದಕ್ಕೆ ರದ್ದುಮಾಡುತ್ತದೆ. ರದ್ದಾಗಬೇಕಾದದ್ದನ್ನೂ ಮೊದಲು ಮರುನಡೆಸುವ ಆ ನಡುವಿನ ಹೆಜ್ಜೆಯಲ್ಲೇ ಏರೀಸಿನ ಹಿರಿಮೆಯಿದೆ.

ಕಟ್ಟಡಕ್ಕೇ ಬೆಂಕಿ ಬಿದ್ದರೆ ಲಾಗೂ ಉಳಿಯದು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಹಲವು ಕಂಪನಿಗಳು ಹಂಚಿಕೊಳ್ಳುವ ಬದಲಿ ಕಂಪ್ಯೂಟರ್ ಕೇಂದ್ರಗಳು ಶುರುವಾದವು. ಯೋಜನೆ ಎರಡು ಪ್ರಶ್ನೆಗಳ ಮೇಲೆ ನಿಂತಿತು: ಎಷ್ಟು ಹೊತ್ತಿನ ದಾಖಲೆ ಹೋದರೆ ತಡೆದುಕೊಳ್ಳಬಹುದು, ಎಷ್ಟು ಹೊತ್ತಿನೊಳಗೆ ವಹಿವಾಟು ಮತ್ತೆ ಶುರುವಾಗಬೇಕು. ಮೊದಲನೆಯದು ಲಾಗಿನ ನಕಲು ಎಷ್ಟು ಬೇಗ ಹೊರಗಿನ ಜಾಗ ಸೇರುತ್ತದೆ ಎಂಬುದರಿಂದ ತೀರ್ಮಾನವಾಗುತ್ತದೆ. ಎರಡನೆಯದು ಗೊತ್ತಾಗುವುದು ನಕಲಿನಿಂದ ಇಡೀ ಡೇಟಾಬೇಸನ್ನು ಒಮ್ಮೆ ಮರಳಿ ಕಟ್ಟಿ ನೋಡಿದಾಗ.